ಅವ್ವನ ಮೇಲೆ ಹೊರಿಸಿದ ಕಾಯಿಲೆ

ಸ್ಯಾನಿಟೋರಿಯಂನಿಂದ ನಾನು ಮನೆಗೆ ಬಂದಾಗ ಕಣದ ಕೆಲಸ ಮುಗಿದು ರಾಗಿ ಮನೆ ಸೇರಿತ್ತು. ಬಾಗೂರಿನ ಹತ್ತಿರದ ನಮ್ಮ ಊರಿನಲ್ಲಿ ನನ್ನನ್ನು ಕಂಡವರೆಲ್ಲ, ನರಸೀಪುರದಿಂದ ಯಾವಾಗ ಬಂದೆ ಎಂದೇ ಕೇಳಿದರು. ಹೊಳೆನರಸೀಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದವಳು ನಾನು. ಆಮೇಲಿನ ಎರಡು ವರ್ಷವೂ ಅಲ್ಲೇ ಇದ್ದಾಳೆ, ಮಾವನ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆ ಎಂದು ಮನೆಯವರು ಊರಿಗೆ ಹೇಳಿದ್ದರು. ನಾನಿದ್ದದ್ದು ಮೈಸೂರಿನ ಆಚೆ, ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಒಂದು ಕಬ್ಬಿಣದ ಮಂಚದ ಮೇಲೆ. ಊರವರು ಕೇಳಿದಾಗ ನಾನೂ, ನಿನ್ನೆ ಬಂದೆ, ಮೊನ್ನೆ ಬಂದೆ ಎಂದು ಹೇಳುತ್ತಿದ್ದೆ. ಸುಳ್ಳು ಹೇಳುವುದಕ್ಕೆ ಮನಸ್ಸಿಗೆ ಏನೂ ಆಗುತ್ತಿರಲಿಲ್ಲ.

ಆಗ ನನಗೆ ಯಾವುದಕ್ಕೂ ಏನೂ ಆಗುತ್ತಿರಲಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೇ ಕೆಮ್ಮು ಹತ್ತಿಕೊಂಡಿತ್ತು. ಫಲಿತಾಂಶ ಬಂದು, ಪಾಸಾದೆ ಎಂದು ಮನೆಯಲ್ಲಿ ಒಬ್ಬಟ್ಟು ಮಾಡಿದ ವಾರವೇ ಬಾಯಿಂದ ರಕ್ತ ಬಂತು. ಆಸ್ಪತ್ರೆಯಲ್ಲಿ ಸೂಜಿ ಮದ್ದು ಕೊಟ್ಟರು, ಗುಳಿಗೆ ಕೊಟ್ಟರು, ಪಕ್ಕೆಲುಬಿನ ನಡುವೆ ದಪ್ಪ ಸೂಜಿ ಚುಚ್ಚಿ ಗಾಳಿ ತುಂಬಿ, ಕೆಟ್ಟ ಕಡೆಯ ಶ್ವಾಸಕೋಶವನ್ನು ಅಮುಕಿ ಮಲಗಿಸಿದರು. ಅದಕ್ಕೆ ವಿಶ್ರಾಂತಿ ಬೇಕು ಎನ್ನುವುದು ಡಾಕ್ಟರ ಮಂತ್ರ. ಓಡಬಾರದು, ಕೂಗಿ ಮಾತಾಡಬಾರದು, ಜೋರಾಗಿ ನಗಬಾರದು. ಮೊದಲ ದಿನ ನಾನು ಅಪ್ಪ ಹೊರಟುಹೋದದ್ದಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಆ ಡಾಕ್ಟರು ಮಂಚದ ಹತ್ತಿರ ನಿಂತು ಹೇಳಿದರು:

"ನಗೋದು, ಅಳೋದು ಎರಡೂ ಅದಕ್ಕೆ ಒಂದೇ ಕಣಮ್ಮ. ಎರಡೂ ಸದ್ಯಕ್ಕೆ ಬೇಡ."

ಹೇಳಿದ ಮಾತು ಕೇಳುವ ವಿದ್ಯಾರ್ಥಿನಿ ನಾನು. ಎರಡನ್ನೂ ಬಿಟ್ಟೆ. ಮೊದಮೊದಲು ಕಷ್ಟವಾಯಿತು. ಬರುಬರುತ್ತಾ ಅಳು ಬರುವ ಮುಂಚೆಯೇ ಅದನ್ನು ಗುರುತಿಸಿ, ಮೇಲಿನ ಹೆಂಚು ನೋಡುತ್ತಾ ಹಾಗೇ ಹಾದು ಹೋಗಲು ಬಿಡುವುದು ರೂಢಿಯಾಯಿತು. ಪಕ್ಕದ ಮಂಚದಲ್ಲಿ ಕೊಡಗಿನ ಕಡೆಯ ಒಬ್ಬ ಹೆಂಗಸಿದ್ದಳು. ನನಗೆ ಜಡೆ ಹಾಕುತ್ತಿದ್ದಳು. ಅವಳು ಸತ್ತ ಬೆಳಿಗ್ಗೆ ನನಗೆ ಕೊಟ್ಟ ಗಂಜಿಯನ್ನು ನಾನು ಪೂರ್ತಿ ಕುಡಿದೆ. ವಾಸಿಯಾಗಿದೆ, ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ ದಿನವೂ ಹಾಗೆಯೇ. ಇನ್ನು ನಗಬಹುದು, ಅಳಬಹುದು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಉಪಯೋಗವಿತ್ತೋ ಇಲ್ಲವೋ.

ಮನೆಯಲ್ಲಿ ಅವ್ವ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಈಗ ಅದರ ಅಗತ್ಯವಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರೂ ಇಟ್ಟಳು, ಇಡುವಾಗ ಮುಖ ಆಚೆ ತಿರುಗಿಸಿಕೊಂಡಳು. ನನಗೆ ಬೇಜಾರಾಗಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಮಾತ್ರ ಯಾರೂ ಇಲ್ಲದಾಗ ಬಂದು ಮೈಗೆ ಮೈ ತಾಗಿಸಿ ಕೂರುತ್ತಿದ್ದಳು. ಅವಳಿಗೆ ಅರಕಲಗೂಡಿನ ಕಡೆಯಿಂದ ಒಂದು ಸಂಬಂಧ ಕುದುರುತ್ತಿತ್ತು. ಅಕ್ಕಿ ಗಿರಣಿ ಇದ್ದ ಮನೆ. ಹುಡುಗ ಬಂದು ನೋಡಿ ಹೋಗಿದ್ದ, ಇವಳೂ ಅವನನ್ನು ಬಾಗಿಲ ಸಂದಿಯಿಂದ ನೋಡಿದ್ದಳು. ಆ ಬಗ್ಗೆ ಅವಳು ಹೇಳುತ್ತಾ ಹೋಗುತ್ತಿದ್ದಳು, ನಾನು ಹೂಂಗುಡುತ್ತಾ ಕೂತಿರುತ್ತಿದ್ದೆ. ದೊಡ್ಡವಳು ಇರುವಾಗ ಚಿಕ್ಕವಳಿಗೆ ಯಾಕೆ ಮೊದಲು ಎಂದು ಅವರು ಕೇಳಿದ್ದಕ್ಕೆ, ದೊಡ್ಡವಳು ಓದುತ್ತಾಳೆ ಎಂದು ಮನೆಯವರು ಹೇಳಿದ್ದರಂತೆ.

ಬೇಸಿಗೆಯಲ್ಲಿ ನರಸೀಪುರದಿಂದ ಮಾವ ಬಂದರು. ಅವರು ಅಲ್ಲಿ ಒಬ್ಬ ವಕೀಲರ ಗುಮಾಸ್ತರು. ಹಾಸನದ ಕಾಲೇಜಿಗೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ, ಅವರಿಗೊಂದು ಹಾಸ್ಟೆಲೂ ಇದೆ, ವಿಶ್ವವಿದ್ಯಾನಿಲಯದ ಅರ್ಜಿ ತರಿಸಿಟ್ಟಿದ್ದೇನೆ, ಇವಳು ಓದುತ್ತಾಳೆ ಎಂದು ಹೇಳಿದ ಮೇಲೆ ಓದಲೇಬೇಕಲ್ಲ ಎಂದರು. ಅಪ್ಪನಿಗೆ ನನ್ನನ್ನು ಓದಿಸುವ ಹಂಬಲವೇನೂ ಇರಲಿಲ್ಲ. ಮದುವೆ ಮಾಡುವಂತಿಲ್ಲ, ಹೊಲದ ಕೆಲಸಕ್ಕೆ ಹಚ್ಚುವಂತಿಲ್ಲ, ಇನ್ನೇನು ಮಾಡುವುದು ಎಂಬುದಷ್ಟೇ ಅವನ ಚಿಂತೆ.

"ಮನೇಲ್ ಕುಂತು ಗ್ವಾಡೆ ನೋಡಾದ್ಕಿಂತ ಅಲ್ ಕುಂತು ಪುಸ್ತಕ ನೋಡ್ಲಿ ಬುಡು," ಎಂದ.

ನನ್ನನ್ನು ಕೇಳಿದರು. ನಿಮ್ಮಿಷ್ಟ ಎಂದೆ.

ಅರ್ಜಿ ತುಂಬುವುದಕ್ಕೆ ನಾನು ಮಾವನ ಜೊತೆ ನರಸೀಪುರಕ್ಕೆ ಹೋದೆ. ಹೈಸ್ಕೂಲಿನ ದಿನಗಳಲ್ಲಿ ನಾನು ಮಲಗುತ್ತಿದ್ದ ನಡುಮನೆಯಲ್ಲೇ ಅತ್ತೆ ಹಾಸಿಗೆ ಹಾಸಿಕೊಟ್ಟರು. ಆದರೆ ಅಲ್ಲಿ ಮಲಗಿದ್ದ ಕೈಗೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. ಹೋಗುವಾಗ, ಸೆಕೆ ಅಲ್ಲವಾ ಇಲ್ಲಿ ಎಂದರು. ಹೌದು ಎಂದೆ.

ಅರ್ಜಿಯಲ್ಲಿ ಹೆಸರು, ಊರು, ಅಂಕ ಎಲ್ಲ ತುಂಬಿದ್ದಾಯಿತು. ಕೊನೆಯಲ್ಲಿ ಒಂದು ಸೂಚನೆಯಿತ್ತು. ನಡುವೆ ಓದು ನಿಲ್ಲಿಸಿದವರು ಆ ಅವಧಿಯಲ್ಲಿ ಏನು ಮಾಡುತ್ತಿದ್ದರು, ಈಗ ಏಕೆ ಓದಲು ಬಯಸುತ್ತಾರೆ ಎಂಬುದನ್ನು ಒಂದು ಪುಟ ಮೀರದಂತೆ ಸ್ವಹಸ್ತದಲ್ಲಿ ಬರೆದು ಲಗತ್ತಿಸಬೇಕು; ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಮೊದಲು ನೀನೇ ಬರಿ ನೋಡೋಣ ಎಂದು ಮಾವ ಒಂದು ಹಾಳೆ ಕೊಟ್ಟು ಕಚೇರಿಗೆ ಹೋದರು.

ನಾನು ಕೂತೆ. ಹುಟ್ಟಿದ ಊರು, ತಂದೆ ಮಾಡುವ ಬೇಸಾಯ, ಓದಿದ ಶಾಲೆ ಇಷ್ಟು ಬರೆಯುವುದು ಸುಲಭವಾಯಿತು. ಏಕೆ ಓದಲು ಬಯಸುತ್ತಾರೆ ಎಂಬಲ್ಲಿ ನಿಂತುಹೋದೆ. ಬಯಕೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗುವ ಮುಂಚೆ ನನಗೆ ಎಷ್ಟೋ ಬಯಕೆಗಳಿದ್ದವು. ಲೆಕ್ಕದ ಮೇಷ್ಟರ ಹಾಗೆ ಹಲಗೆಯ ತುಂಬ ಬರೆದು ಒರೆಸಬೇಕು ಎನ್ನಿಸುತ್ತಿತ್ತು. ಒಂದು ಸಲ ಸಮುದ್ರ ನೋಡಬೇಕು ಎನ್ನಿಸುತ್ತಿತ್ತು. ಅವು ಈಗ ಇವೆಯೇ ಎಂದು ಒಳಗೆ ತಡಕಿದೆ. ಜೋಮು ಹಿಡಿದ ಕಾಲನ್ನು ಮುಟ್ಟಿದ ಹಾಗಿತ್ತು. ಕಾಲು ಇದೆ ಎಂದು ಕೈಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗುವುದಿಲ್ಲ. ಸಂಜೆ ಮಾವ ಬಂದಾಗ ಹಾಳೆಯ ಮುಕ್ಕಾಲು ಭಾಗ ಖಾಲಿಯಿತ್ತು.

ಮಾವ ಬೈಯಲಿಲ್ಲ. ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಒಂದೇ ಉಸಿರಿಗೆ ಬರೆದರು. ಕೋರ್ಟಿನ ಅರ್ಜಿಗಳನ್ನು ಬರೆದು ಬರೆದು ಅವರ ಕೈ ಹಾಗೆ ಪಳಗಿತ್ತು. "ಅರ್ಜಿದಾರಳಾದ ನಾನು ಸದರಿ ಗ್ರಾಮದ ಖಾಯಂ ನಿವಾಸಿಯಾಗಿದ್ದು, ನನ್ನ ತಾಯಿಯವರು ದೀರ್ಘಕಾಲದ ಅನಾರೋಗ್ಯಕ್ಕೆ ತುತ್ತಾದ ಪ್ರಯುಕ್ತ, ಸದರಿಯವರ ಶುಶ್ರೂಷೆಗಾಗಿ ವಿದ್ಯಾಭ್ಯಾಸವನ್ನು ಎರಡು ವರ್ಷಗಳ ಕಾಲ ಮೊಟಕುಗೊಳಿಸಬೇಕಾಗಿ ಬಂದು" ಎಂದು ಶುರುವಾಗಿ, ವಿದ್ಯೆಯಿಂದ ಸ್ತ್ರೀಕುಲಕ್ಕೂ ದೇಶಕ್ಕೂ ಆಗಬಹುದಾದ ಉಪಕಾರದವರೆಗೆ ಅದು ಹರಿದಿತ್ತು.

ಅವ್ವ ಒಂದು ದಿನವೂ ಹಾಸಿಗೆ ಹಿಡಿದವಳಲ್ಲ. ಆ ಮಾತು ಹೇಳಿದೆ, ಆಕ್ಷೇಪಣೆಯಾಗಿ ಅಲ್ಲ, ನೆನಪಾಯಿತು ಎಂದು. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ಬಾಯಲ್ಲಿ ಹೇಳಿದ್ದನ್ನ ನಾಳೆ ಇಲ್ಲ ಅಂತ ತಳ್ಳಿಹಾಕ್ಬೋದು ಮಗಾ. ಬರ್ದಿದ್ದು ಹಂಗಲ್ಲ. ನಿನ್ನ ಹೆಸರಿನ ಪಕ್ಕ ಆ ಕಾಯಿಲೆ ಹೆಸರು ಎಲ್ಲೂ ಇರಬಾರದು. ನಿನ್ನ ತಂಗಿ ಮದುವೆ ಒಂದು ಆಗಿಹೋಗ್ಲಿ."

ನಾನು ಅದನ್ನು ದುಂಡಗೆ ನಕಲು ಮಾಡಿ ರುಜು ಹಾಕಿದೆ. ನನ್ನ ಅಕ್ಷರ ಚೆನ್ನಾಗಿತ್ತು. ಅತ್ತೆ ದೂರದಿಂದಲೇ ನೋಡಿ, ಮುತ್ತು ಪೋಣಿಸಿದ ಹಾಗಿದೆ ಎಂದರು.

ಮಾರನೆಯ ದಿನ ರೈಲಿನಲ್ಲಿ ಹಾಸನಕ್ಕೆ ಹೋದೆವು. ಹುಡುಗಿಯರ ಅರ್ಜಿಗಳನ್ನು ಮೊದಲು ಹಾಸ್ಟೆಲಿನ ವಾರ್ಡನ್ ನೋಡುವ ಪದ್ಧತಿ ಅಲ್ಲಿತ್ತು. ಅವರು ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ನೂಲಿನ ಸೀರೆ, ಸಣ್ಣ ದನಿ. ಮಾವನನ್ನು ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿ ನನ್ನೊಬ್ಬಳನ್ನೇ ಒಳಗೆ ಕರೆದರು. ಅರ್ಜಿಯನ್ನು ಬೇಗ ಬೇಗ ತಿರುವಿದವರು ಲಗತ್ತಿಸಿದ ಪುಟಕ್ಕೆ ಬಂದು ನಿಧಾನವಾದರು.

"ನಿಮ್ಮ ತಾಯಿಗೆ ಏನಾಗಿತ್ತಮ್ಮ?"

ಮಾವ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಯಾವುದಾದರೂ ಕಾಯಿಲೆ ಹೇಳಬೇಕಿತ್ತು, ನನಗೆ ಒಳಹೊರಗೆ ಗೊತ್ತಿದ್ದದ್ದು ಒಂದೇ ಕಾಯಿಲೆ.

"ಕ್ಷಯ," ಎಂದೆ.

ಅವರು ಪೆನ್ನು ಕೆಳಗಿಟ್ಟರು. ಎಲ್ಲಿ ತೋರಿಸಿದಿರಿ, ಹೇಗೆ ಶುರುವಾಯಿತು ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ಅವ್ವನನ್ನು ಆ ಕಬ್ಬಿಣದ ಮಂಚದ ಮೇಲೆ ಮಲಗಿಸಿದೆ. ಅವಳ ಸಂಜೆಯ ಜ್ವರ, ರಾತ್ರಿಯ ಬೆವರು, ಮುಚ್ಚಳದ ಡಬ್ಬಿಯಲ್ಲಿ ಉಗುಳುವುದು, ಪಕ್ಕೆಗೆ ಸೂಜಿ ಹಾಕಿ ಗಾಳಿ ತುಂಬುವಾಗ ಉಸಿರು ಸಿಕ್ಕಿಕೊಂಡ ಹಾಗಾಗುವುದು, ಭೇಟಿಯ ದಿನ ಮನೆಯವರು ಬಾಗಿಲ ಹತ್ತಿರವೇ ನಿಂತು ಮಾತಾಡಿಸಿ ಹೋಗುವುದು, ಎಲ್ಲ ಹೇಳಿದೆ. ಆ ಎರಡು ವರ್ಷದ ಬಗ್ಗೆ ನಾನು ಯಾರ ಹತ್ತಿರವೂ ಅಷ್ಟು ಮಾತಾಡಿರಲಿಲ್ಲ. ದನಿ ಎಲ್ಲೂ ನಡುಗಲಿಲ್ಲ, ಮಗ್ಗಿ ಒಪ್ಪಿಸಿದ ಹಾಗೆ ಬಂತು.

"ಈಗ ಹೇಗಿದ್ದಾರೆ?"

"ವಾಸಿಯಾಗಿದ್ದಾರೆ. ಮಾತು ಕಮ್ಮಿ."

ಅವರು ನನ್ನ ಮುಖವನ್ನೇ ನೋಡಿದರು. ಅವರಿಗೆ ಆಗಲೇ ತಿಳಿದಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಆ ಕಾಯಿಲೆ ಆಗಿದ್ದರೆ ಹಾಸ್ಟೆಲಿಗೆ ಸೇರುವ ಹುಡುಗಿ ಇಲ್ಲಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ಸರ್ಟಿಫಿಕೇಟ್ ತರಬೇಕು ಎಂದು ಹೇಳಿದರು. ಆಮೇಲೆ ಮಾವ ಬರೆದ ಪುಟವನ್ನು ಬೇರೆ ಮಾಡಿ ನನ್ನ ಕೈಗೆ ವಾಪಸು ಕೊಟ್ಟರು. ಇದರಲ್ಲಿ ನಿಮ್ಮ ತಾಯಿಯ ವಿಷಯ ಇದೆ, ದೇಶದ ವಿಷಯ ಇದೆ, ನಿಮ್ಮ ವಿಷಯ ಏನೂ ಇಲ್ಲ, ಸರ್ಟಿಫಿಕೇಟ್ ತರುವಾಗ ಇನ್ನೊಂದು ಬರೆದು ತನ್ನಿ ಎಂದರು.

ಹೊರಗೆ ಬಂದು ನಡೆದದ್ದನ್ನು ಹೇಳಿದಾಗ ಮಾವ ಹಣೆಗೆ ಕೈ ಹಚ್ಚಿಕೊಂಡು ಬೆಂಚಿನ ಮೇಲೆಯೇ ಕೂತರು. ವಾತ ಅನ್ನಬಾರದಿತ್ತೆ, ಹೊಟ್ಟೆನೋವು ಅನ್ನಬಾರದಿತ್ತೆ ಎಂದು ಕೇಳಿದರು. ಅವರಿಗೆ ಬಿಕ್ಕಟ್ಟು ಕೂಡಲೇ ಕಂಡಿತ್ತು. ಎಕ್ಸ್‌ರೇಯಲ್ಲಿ ನನ್ನ ಹಳೆಯ ಗಾಯದ ಗುರುತು ಬಂದೇ ಬರುತ್ತದೆ. ಅರಕಲಗೂಡಿನ ಇಬ್ಬರು ಹುಡುಗಿಯರು ಅದೇ ಹಾಸ್ಟೆಲಿನಲ್ಲಿದ್ದರು. ಅಲ್ಲಿಗೆ ಮುಟ್ಟಿದ ಸುದ್ದಿ ಗಿರಣಿಯ ಮನೆಗೆ ಮುಟ್ಟಲು ಎಷ್ಟು ಹೊತ್ತು? ಕಾಲೇಜಿನ ಮಾತನ್ನು ಇಲ್ಲಿಗೇ ಬಿಟ್ಟುಬಿಡೋಣ ಎಂದು ಅವರು ಬಸ್ಸಿನಲ್ಲಿ ಹೇಳಿದರು. ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣ ಬರುವವರೆಗೂ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ನಾನು ಆಗಲಿ ಎಂದೆ. ಕಿಟಕಿಯ ಆಚೆ ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು.

ಮನೆಯಲ್ಲಿ ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮಾವ ಎಲ್ಲವನ್ನೂ ಹೇಳಿದರು, ಅವ್ವನಿಗೆ ಕಾಗದದ ಮೇಲೆ ಕಾಯಿಲೆ ಹೊರಿಸಿದ್ದನ್ನೂ ಮುಚ್ಚಿಡಲಿಲ್ಲ. ಅವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದರು. ಅವಳು ಬೀಜ ತೆಗೆಯುತ್ತಲೇ, ನಂಗೇ ಬಂದಿದ್ರೆ ಆಗಿತ್ತು, ಎಂದಳು. ಆಮೇಲೆ ಮಾವ, ಅಪ್ಪ ಸೇರಿ ಕಾಲೇಜು ಬೇಡ ಎಂದು ತೀರ್ಮಾನಕ್ಕೆ ಬರುವ ಹೊತ್ತಿಗೆ ಎದ್ದು ಕೈ ತೊಳೆದುಕೊಂಡು ಬಂದಳು.

"ಇವ್ಳನ್ನ ಗಾಡೀಲಿ ಮನಗ್ಸಿ, ಮ್ಯಾಲೆ ಉಲ್ಲು ಮುಚ್ಚಿ ಕಳಿಸ್ದೋ," ಎಂದಳು. "ಊರ್‍ನೋರು ನೋಡ್ಬುಡ್ತಾರೆ ಅಂತ. ಚಿಕ್ಕೋಳ್ನೂ ಅಂಗೇ ಮುಚ್ಕಂಡು ಕಳ್ಸಾದಾ? ನಾಳಿಕ್ ಅಲ್ಲಿ ಗೊತ್ತಾದ್ರೆ ಅವ್ಳ್ ಗತಿ ಏನು? ಓಗಿ ಏಳ್ಬುಟ್ಟು ಬನ್ನಿ."

ಅದು ನಿಜ. ನನ್ನನ್ನು ಆಸ್ಪತ್ರೆಗೆ ಒಯ್ದದ್ದು ಹಾಗೆಯೇ, ಕಂಬಳಿಯ ಮೇಲೆ ಹುಲ್ಲು ಹೊದಿಸಿಕೊಂಡು, ಬಸ್ಸು ಸಿಗುವವರೆಗೆ. ಆದರೆ ಆ ಮಾತು ಅವ್ವನ ಮನಸ್ಸಿನಲ್ಲಿ ಅಷ್ಟು ದಿನ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಮಾವ ವಾದ ಮಾಡಿದರು. ಅವ್ವ ಒಳಗೆ ಹೋಗಿ ಒಲೆ ಹಚ್ಚಿದಳು. ಕೊನೆಗೆ ಅಪ್ಪ ಸರಿ ಎಂದ.

ಅಪ್ಪ ನನ್ನನ್ನೂ ಕರೆದುಕೊಂಡು ಅರಕಲಗೂಡಿಗೆ ಹೋದ. ಗಿರಣಿಯ ಪಕ್ಕದಲ್ಲೇ ಮನೆ, ಅಂಗಳದ ತುಂಬ ಭತ್ತ ಒಣಗಲು ಹಾಕಿದ್ದರು. ಹುಡುಗ ಎಲ್ಲಿಗೋ ಹೋಗಿದ್ದ. ಅವನ ತಂದೆ ತಾಯಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಅಪ್ಪನಿಗೆ ಸುತ್ತಿ ಬಳಸಿ ಮಾತಾಡಲು ಬರುತ್ತಿರಲಿಲ್ಲ. ಲೋಟ ಕೆಳಗಿಟ್ಟ.

"ನಮ್ ದೊಡ್ ಮಗ್ಳಿಗೆ ಕ್ಷಯ ಆಗಿತ್ತು. ಎಲ್ಡ್ ವರ್ಸ ಆಸ್ಪತ್ರೇಲಿದ್ಲು. ಈಗ ವಾಸಿ ಆಗದೆ. ನೀವೇ ನೋಡಿ ಅಂತ ಕರ್ಕಂಡ್ ಬಂದಿವ್ನಿ."

ಹುಡುಗನ ತಂದೆ ಹೆಂಡತಿಯ ಕಡೆ ನೋಡಿದರು. ಆಕೆ ನನ್ನ ಹತ್ತಿರ ಸರಿದು ಕೂತರು. ಸರಿದು ದೂರ ಹೋಗಲಿಲ್ಲ, ಹತ್ತಿರವೇ ಬಂದರು.

"ಕಫ ಬತ್ತದಾ ಮಗಾ?"

"ಇಲ್ಲ."

"ರಾತ್ರಿ ಬೆವ್ರು?"

"ಇಲ್ಲ."

ಊಟ ಸೇರುತ್ತದಾ, ಬೆನ್ನಿನಲ್ಲಿ ಚುಚ್ಚುತ್ತದಾ ಎಂದೆಲ್ಲ ಕೇಳಿದರು. ಕೇಳುವ ರೀತಿಯಲ್ಲೇ ಆ ಮನೆಗೆ ಈ ಕಾಯಿಲೆ ಹೊಸದಲ್ಲ ಎಂದು ನನಗೆ ಅನ್ನಿಸಿತು. ಆಮೇಲೆ ನಮ್ಮನ್ನು ಊಟಕ್ಕೆ ಏಳಿಸಿ ಮನೆಯವರ ಸಾಲಿನಲ್ಲೇ ಎಲೆ ಹಾಕಿದರು. ನನಗೆ ಎರಡನೆಯ ಸಲ ಪಾಯಸ ಬಡಿಸಿದರು. ಬಸ್ಸಿನಲ್ಲಿ ಅಪ್ಪ ಖುಷಿಯಾಗಿದ್ದ. ಎಂಥ ಜನ ನೋಡು ಎಂದು ಎರಡು ಮೂರು ಸಲ ಹೇಳಿದ. ನಾನೂ ಹಾಗೇ ತಿಳಿದೆ.

ಸ್ವಲ್ಪ ದಿನಕ್ಕೆ, ಬಾಗೂರು ಸಂತೆಗೆ ಬಂದ ಅವರ ಕಡೆಯವರೊಬ್ಬರು ಅಪ್ಪನನ್ನು ಹುಡುಕಿಕೊಂಡು ಬಂದು ಹೇಳಿ ಹೋದರು. ಹೆಣ್ಣು ಚೆನ್ನಾಗಿದೆ, ನೀವು ನಿಜ ಹೇಳಿದ್ದು ದೊಡ್ಡದು. ಆದರೆ ಹುಡುಗನ ತಾಯಿ ತನ್ನ ಒಡಹುಟ್ಟಿದ ತಂಗಿಯನ್ನು ಇದೇ ಕಾಯಿಲೆಯಲ್ಲಿ ಕಳೆದುಕೊಂಡವರು, ಅವರಿಗೆ ಧೈರ್ಯ ಬರುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ ಈ ಮಾತನ್ನು ಮನೆಯಲ್ಲಿ ಎಲ್ಲರ ಮುಂದೆ ಹೇಳಿದ. ತಂಗಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತಿದ್ದ ರೊಟ್ಟಿಯನ್ನು ಮುಗಿಸಿ, ಹೆಂಚಿನ ಮೇಲೆ ಹಾಕಿ, ಅದು ಬೇಯುವವರೆಗೂ ಅದನ್ನೇ ನೋಡುತ್ತಾ ಕೂತಳು.

ಒಂದೆರಡು ದಿನ ಅವಳು ನನ್ನ ಹತ್ತಿರ ಬಂದು ಕೂರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾವಿಯ ಹತ್ತಿರ ನಾನು ಮುಖ ತೊಳೆಯುತ್ತಿದ್ದಾಗ ಕೊಡ ಹಿಡಿದು ಬಂದಳು. ನೀರು ಸೇದುವುದು ಬಿಟ್ಟು ನನ್ನೆದುರು ನಿಂತಳು. ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿದ್ದಳು.

"ನೀನು ಏನಾರ ಅನ್ಬೋದಿತ್ತು ಕಣಕ್ಕಾ. ಅಯ್ಯೋ ಅಂತಾನಾದ್ರೂ."

ಸಮಾಧಾನ ಹೇಳಬೇಕು ಎಂಬುದು ತಿಳಿದಿತ್ತು. ಹೇಳುವ ಮಾತುಗಳೂ ಗೊತ್ತಿದ್ದವು. ಅವಳ ಹತ್ತಿರ ಮಾತ್ರ ಅವನ್ನು ಆಡಲಾಗಲಿಲ್ಲ.

"ನಂಗೆ ಏನೂ ಅನ್ನುಸ್ತಿಲ್ಲ ಕಣೇ," ಎಂದೆ. "ನಿನ್ ವಿಸ್ಯಕ್ಕೂ ಅಷ್ಟೆ, ನನ್ ವಿಸ್ಯಕ್ಕೂ ಅಷ್ಟೆ. ಆಸ್ಪತ್ರೆಯಿಂದ ಬಂದಾಗಿಂದ ಅಂಗೇ ಇವ್ನಿ."

ಇದನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವಳು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ಆಮೇಲೆ ಸರಕ್ಕನೆ ನನ್ನ ಮುಂಗೈ ಹಿಡಿದು ಉಗುರು ನಾಟುವಂತೆ ಚಿವುಟಿದಳು.

"ನೋಯ್ತದಾ?"

"ನೋಯ್ತದೆ."

"ಸದ್ಯ," ಎಂದಳು. ಹಗ್ಗ ಬಿಟ್ಟು ನೀರು ಸೇದತೊಡಗಿದಳು. ಕೊಡ ತುಂಬಿದ ಮೇಲೆ, ನನ್ನ ಕಡೆ ನೋಡದೆ, ಈಗ ಮುಚ್ಚಿಡಾಕೆ ಏನೂ ಉಳಿದಿಲ್ಲವಲ್ಲ, ನೀನು ಹಾಸನಕ್ಕೆ ಹೋಗು, ಇಲ್ಲದಿದ್ದರೆ ನಂದೂ ದಂಡ ನಿಂದೂ ದಂಡ ಎಂದು ಹೇಳಿದಳು. ಅದು ಅನುಕಂಪದ ಮಾತಲ್ಲ, ಸಿಟ್ಟಿನ ಮಾತೇ. ಆದರೂ ಇಡೀ ಮನೆಯಲ್ಲಿ ನನಗೆ ಹೋಗು ಎಂದು ಹೇಳಿದವಳು ಅವಳೊಬ್ಬಳೇ.

ಆ ಮಾತನ್ನು ಅವಳೇ ಅಪ್ಪನಿಗೂ ಹೇಳಿದ ಮೇಲೆ, ಅಪ್ಪ ನನ್ನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದ. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲುವುದು, ಉಸಿರು ಬಿಗಿ ಹಿಡಿಯುವುದು ನನಗೆ ಹೊಸದಲ್ಲ. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೆಯ ಗಾಯ, ಪೂರ್ತಿ ಒಣಗಿದೆ, ಬೇರೆಯವರಿಗೆ ಅಂಟುವುದಿಲ್ಲ ಎಂದು ಬರೆದುಕೊಟ್ಟರು. ಅದನ್ನು ಹಿಡಿದು ನಾನು ಕಾಲೇಜಿಗೆ ಹೋದೆ. ಅಪ್ಪ ಗೇಟಿನ ಹತ್ತಿರ ಮರದ ಕೆಳಗೆ ನಿಂತ.

ವಾರ್ಡನ್ ಸರ್ಟಿಫಿಕೇಟನ್ನು ಓದಿದರು. ಅದರಲ್ಲಿ ಎಲ್ಲವೂ ಇತ್ತು. ಅವರು ಆಶ್ಚರ್ಯ ತೋರಿಸಲಿಲ್ಲ, ಯಾಕೆ ಸುಳ್ಳು ಹೇಳಿದೆ ಎಂದೂ ಕೇಳಲಿಲ್ಲ. ಇನ್ನೊಂದು ಪುಟ ಎಲ್ಲಿ ಎಂದರು. ಬರೆದಿಲ್ಲ ಎಂದೆ. ತಮ್ಮ ಮೇಜಿನ ಒಂದು ಪಕ್ಕವನ್ನು ಖಾಲಿ ಮಾಡಿ, ಹಾಳೆ ಕೊಟ್ಟು, ಇಲ್ಲೇ ಕೂತು ಬರಿ ಎಂದು ಹೇಳಿ ತಾವು ಯಾವುದೋ ಉತ್ತರಪತ್ರಿಕೆಗಳನ್ನು ತಿದ್ದತೊಡಗಿದರು.

ಈ ಸಲ ನಾನು ತಡಮಾಡಲಿಲ್ಲ. ಏನೂ ಅನ್ನಿಸುವುದಿಲ್ಲ ಎಂದು ತಂಗಿಗೆ ಹೇಳಿ ಆಗಿತ್ತು, ಕಾಗದಕ್ಕೆ ಹೇಳುವುದು ಅದಕ್ಕಿಂತ ಸುಲಭ. ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನನಗೆ ಕ್ಷಯ ಬಂತು. ಎರಡು ವರ್ಷ ಆಸ್ಪತ್ರೆಯಲ್ಲಿದ್ದೆ. ಆ ಅವಧಿಯಲ್ಲಿ ನಾನು ಏನನ್ನೂ ಮಾಡಲಿಲ್ಲ. ಏನೂ ಮಾಡದೆ ಮಲಗಿರುವುದೇ ಚಿಕಿತ್ಸೆಯಾಗಿತ್ತು. ಈಗ ವಾಸಿಯಾಗಿದೆ. ನನ್ನ ತಾಯಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮೊದಲು ಬರೆದದ್ದು ಸರಿಯಲ್ಲ. ಏಕೆ ಓದಲು ಬಯಸುತ್ತೀರಿ ಎಂದು ಅರ್ಜಿಯಲ್ಲಿ ಕೇಳಿದ್ದೀರಿ. ಬಯಕೆ ಎಂಬುದು ಸದ್ಯಕ್ಕೆ ನನಗೆ ಕಾಣುತ್ತಿಲ್ಲ. ಆದರೆ ಕೊಟ್ಟ ಪಾಠವನ್ನು ಓದಿ ತಿಳಿದುಕೊಳ್ಳುವುದು ನನಗೆ ಬರುತ್ತದೆ. ಸೇರಿಸಿಕೊಂಡರೆ ಅದನ್ನು ಮಾಡುತ್ತೇನೆ."

ಅರ್ಧ ಪುಟವೂ ಆಗಲಿಲ್ಲ. ವಾರ್ಡನ್ ಓದಿ, ಒಂದು ಕಡೆ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ತೋರಿಸಿದರು. ತಿದ್ದಿದೆ. ಆಮೇಲೆ ಬಯಕೆಯ ಸಾಲಿನ ಮೇಲೆ ಬೆರಳಿಟ್ಟರು.

"ಮೇಲಿನವರೆಲ್ಲ ಇದನ್ನ ಓದ್ತಾರೆ. ಈ ಸಾಲು ತೆಗೆದುಬಿಡೋಣವಾ?"

"ನಿಮ್ಮಿಷ್ಟ ಮೇಡಂ."

"ನನ್ನಿಷ್ಟ ಅಲ್ಲ. ಇದು ನಿನ್ನ ಕಾಗದ."

ನಾನು ಆ ಸಾಲನ್ನು ನೋಡಿದೆ. ಅದನ್ನು ತೆಗೆದರೆ ಪುಟ ಚೆನ್ನಾಗಿ ಕಾಣುತ್ತಿತ್ತು. ಆದರೆ ಅಲ್ಲಿದ್ದ ಮಾತುಗಳಲ್ಲಿ ಸರ್ಟಿಫಿಕೇಟಿನಲ್ಲಿ ಇಲ್ಲದ್ದು ಅದೊಂದೇ. ಇರಲಿ ಎಂದೆ. ಅವರು ಸರಿ ಎಂದು ಪುಟವನ್ನು ಅರ್ಜಿಗೆ ಸೇರಿಸಿ ಗುಂಡುಸೂಜಿ ಚುಚ್ಚಿದರು.

ಸೀಟು ಸಿಕ್ಕಿತು. ಮೇಲಿನವರು ಆ ಪುಟವನ್ನು ಓದಿದರೋ, ಅಂಕ ನೋಡಿ ಕೊಟ್ಟರೋ ತಿಳಿಯಲಿಲ್ಲ. ಹಾಸ್ಟೆಲಿನಲ್ಲಿ ಉಗ್ರಾಣದ ಪಕ್ಕದ ಒಂದು ಚಿಕ್ಕ ಕೋಣೆಯನ್ನು ನನ್ನೊಬ್ಬಳಿಗೇ ಕೊಟ್ಟರು. ಆಗಾಗ ಎಕ್ಸ್‌ರೇ ತೆಗೆಸುತ್ತಿರಬೇಕು ಎಂಬ ಷರತ್ತು ಹಾಕಿದರು. ಅರಕಲಗೂಡಿನ ಇಬ್ಬರು ಹುಡುಗಿಯರಿಗೆ ನನ್ನ ವಿಷಯ ಗೊತ್ತಿತ್ತು, ಅವರಿಂದ ಉಳಿದವರಿಗೂ ಗೊತ್ತಾಯಿತು. ಕೆಲವರು ನನ್ನ ಪಕ್ಕದಲ್ಲಿ ಕೂರುತ್ತಿರಲಿಲ್ಲ. ನಾನು ತರಗತಿಗೆ ಹೋಗಿ ಬಂದು, ಕೊಟ್ಟ ಪಾಠ ಓದಿ ಮಲಗುತ್ತಿದ್ದೆ. ಮಳೆಗಾಲ ಪೂರ್ತಿ ಹಾಗೇ ಕಳೆಯಿತು.

ಆಮೇಲೆ ಒಂದು ಮಧ್ಯಾಹ್ನ ಊಟದ ಮನೆಯಲ್ಲಿ ಹುಳಿಗೆ ಉಪ್ಪೇ ಇರಲಿಲ್ಲ. ಅದಕ್ಕೂ ಮುಂಚೆ ಎಷ್ಟೋ ಸಲ ಇದ್ದಿರಲಿಕ್ಕಿಲ್ಲ, ನಾನು ಗಮನಿಸಿರಲಿಲ್ಲ. ಅವತ್ತು ಎರಡು ತುತ್ತು ತಿಂದು ತಟ್ಟೆ ತಳ್ಳಿ, ಬಡಿಸುತ್ತಿದ್ದ ಅಡಿಗೆಯವರನ್ನು ಕರೆದು, ಇದನ್ನು ಮನುಷ್ಯರು ತಿನ್ನುತ್ತಾರಾ ಎಂದು ಕೇಳಿದೆ. ನನ್ನ ದನಿ ಎಷ್ಟು ಜೋರಾಗಿ ಬಂತೆಂದರೆ ಇಡೀ ಸಾಲು ತಿರುಗಿ ನೋಡಿತು. ಅಡಿಗೆಯವರು ಗೊಣಗುತ್ತಾ ಉಪ್ಪು ತಂದು ಸುರಿದು ಹೋದರು. ಸಂಜೆಯವರೆಗೂ ಆ ಹುಳಿಯ ಬಗ್ಗೆ ನನಗೆ ಸಿಟ್ಟಿತ್ತು. ಬೇರೆ ಯಾವ ಭಾವನೆಯೂ ಅಷ್ಟು ಬೇಗ ಮರಳಿ ಬರಲಿಲ್ಲ.

ಮರುವರ್ಷ ತಂಗಿಗೆ ದುದ್ದದ ಕಡೆ ಮದುವೆಯಾಯಿತು. ಅವರಿಗೂ ಅಪ್ಪ ಮೊದಲೇ ಹೋಗಿ ಎಲ್ಲ ಹೇಳಿದ್ದ, ಅವರು ಒಪ್ಪಿದರು. ಒಕ್ಕಲುತನದ ಮನೆ, ಹಸು ಎಮ್ಮೆ ತುಂಬ ಇದ್ದವು, ತಂಗಿಯ ಗಂಡ ಮಾತು ಕಡಿಮೆಯ ಮನುಷ್ಯ. ನಾನು ಕಾಲೇಜಿಗೆ ರಜೆ ಹಾಕಿ ಬಂದು ಚಪ್ಪರದಲ್ಲಿ ಓಡಾಡಿದೆ, ಬೀಗರಿಗೆ ಎಲೆ ಅಡಿಕೆ ಕೊಟ್ಟೆ. ತಂಗಿಯನ್ನು ಗಾಡಿ ಹತ್ತಿಸುವಾಗ ಅವ್ವ ಅತ್ತಳು, ಅಪ್ಪ ಗೋಡೆಯ ಕಡೆ ತಿರುಗಿಕೊಂಡ. ನನಗೂ ಅಳು ಸ್ವಲ್ಪ ಬಂದ ಹಾಗಾಯಿತು, ಹೆಚ್ಚಲ್ಲ. ಗಾಡಿ ಊರ ಬಾಗಿಲು ದಾಟಿದ ಮೇಲೆ ನಾನು ಒಳಗೆ ಹೋಗಿ, ಎಲ್ಲರಿಗೂ ಕಾಫಿಗೆ ಎಸರು ಇಟ್ಟೆ.